1613ರಿಂದ ಬಿಎಸ್6 ಹತ್ತು ಚಕ್ರಕ್ಕೆ: ಹಳೇ ಕೈಗೆ ಹೊಸ ಗಾಡಿ ಒಗ್ಗಿಸುವುದು ಹೇಗೆ?

ಮೆಕ್ಕೆಜೋಳದ ಲೋಡು, ಹಾವೇರಿ

ನಮಸ್ಕಾರ್ರೀ ಎಲ್ಲರಿಗೂ. ನಮ್ಮದು ಹಾವೇರಿಯಿಂದ ಮೆಕ್ಕೆಜೋಳ ತುಂಬಿಕೊಂಡು ಅರಬೈಲು ಘಾಟಿ ಇಳಿದು ಮಂಗಳೂರು ಕಡೆ ಹೋಗಿ, ಬರುವಾಗ ಗೊಬ್ಬರ ತರುವ ಬಾಡಿಗೆ. ಇಷ್ಟು ದಿನ ಓಡಿದ್ದು ಟಾಟಾ 1613, ಮೆಕ್ಯಾನಿಕಲ್ ಪಂಪಿನದ್ದು. ಈಗ ಬಿಎಸ್6 (ಹೊಸ ಹೊಗೆ ನಿಯಮದ) ಹತ್ತು ಚಕ್ರದ ಗಾಡಿ ಬಂದಿದೆ. ಗೇರು ಕೈಯಲ್ಲೇ ಹಾಕುವಂಥದ್ದು, ಆದರೆ ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಕಚ್ಚದಂತೆ ತಡೆಯುವುದು), ಕ್ರೂಸ್ ಕಂಟ್ರೋಲ್ (ವೇಗ ಒಂದೇ ಸಮ ಹಿಡಿಯುವುದು), ಯೂರಿಯಾ ಟ್ಯಾಂಕು (ಹೊಗೆ ಶುದ್ಧ ಮಾಡಲು ಸಿಂಪಡಿಸುವ ಯೂರಿಯಾ ದ್ರವದ್ದು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಬಟನ್, ಲೋಡಿಗೆ ತಕ್ಕಂತೆ ಎಂಜಿನ್ನಿನ ಶಕ್ತಿ ಬದಲಿಸುವ ಮೂರು ಮೋಡಿನ ಸ್ವಿಚ್ಚು ಎಲ್ಲಾ ಇವೆ.

ಡ್ರೈವರ್ ಹಳಬರು, ಘಾಟಿಯಲ್ಲಿ ಅವರ ಕೈ ಬಲು ಚೆನ್ನ. ಹಳೇ ಗಾಡಿಯಲ್ಲಿ ಮೀಟರ್ ಬೋರ್ಡಿನ ದೀಪ ಯಾರೂ ನೋಡುತ್ತಿರಲಿಲ್ಲ, ಇಲ್ಲಿ ಒಂದು ಹತ್ತಿದರೂ ಅವರಿಗೆ ಗಾಬರಿ. ನನಗೆ ತಿಳಿಯಬೇಕಾದದ್ದು ಇಷ್ಟು. ಗಾಡಿ ಯೂರಿಯಾ ಎಷ್ಟು ಕುಡಿಯಬೇಕು? ಡಿಪಿಎಫ್ ದೀಪ ಹತ್ತಿದರೆ ಏನು ಮಾಡಬೇಕು? ಗಾಡಿ ನಿಲ್ಲಿಸಿದ ಕೂಡಲೇ ಬ್ಯಾಟರಿ ಸ್ವಿಚ್ ಆಫ್ ಮಾಡುವ ರೂಢಿ ಇದೆ, ತೊಂದರೆಯೇ? ಎಬಿಎಸ್ ಇದ್ದರೆ ಘಾಟಿಯಲ್ಲಿ ಬ್ರೇಕ್ ಹೊಡೆಯುವ ರೀತಿ ಬದಲಾಗಬೇಕೇ?

ಪಂಪು ನಾಜಲ್

ಮೊದಲು ಬ್ಯಾಟರಿ ಸ್ವಿಚ್ಚಿನ ವಿಷಯ, ಯಾಕೆಂದರೆ ಹಳೇ ಗಾಡಿಯಿಂದ ಬಂದವರು ಗೊತ್ತಿಲ್ಲದೆ ಗಾಡಿ ಕೆಡಿಸುವುದು ಇಲ್ಲೇ. ಬೀಗ ಆಫ್ ಮಾಡಿದ ಮೇಲೂ ಯೂರಿಯಾ ಪಂಪು ಒಂದೆರಡು ನಿಮಿಷ ಓಡುತ್ತಿರುತ್ತದೆ. ಪೈಪಿನಲ್ಲಿ ಉಳಿದ ದ್ರವವನ್ನು ಅದು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಕಡಿದರೆ ದ್ರವ ಅಲ್ಲೇ ನಿಂತು, ಸೈಲೆನ್ಸರಿನ ಬಿಸಿಗೆ ನೀರು ಆರಿ, ಸಿಂಪಡಿಸುವ ನಾಜಲಿನ ತುದಿಯಲ್ಲಿ ಬಿಳಿ ಹರಳು ಕಟ್ಟುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ದಿನಾ ಹೀಗೇ ಮಾಡಿದರೆ ನಾಜಲ್ ಕಟ್ಟಿಕೊಂಡು ದೀಪ ಹತ್ತುತ್ತದೆ, ಆಮೇಲೆ ಪಿಕಪ್ ಬೀಳುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಕೈಗೆ ಸಿಗದಿದ್ದರೆ ಕನಿಷ್ಠ 2 ನಿಮಿಷ ಬಿಟ್ಟೇ ಸ್ವಿಚ್ಚಿಗೆ ಕೈ ಹಾಕಲಿ. ಕೆಳಗಿಳಿದು ಹಗ್ಗ, ಟಾರ್ಪಾಲು, ಟೈರು ನೋಡಿ ಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ.

ಯೂರಿಯಾ ಲೆಕ್ಕ: 100 ಲೀಟರ್ ಡೀಸೆಲಿಗೆ ಸುಮಾರು 4ರಿಂದ 6 ಲೀಟರ್. ಅಂದರೆ 300 ಲೀಟರ್ ಡೀಸೆಲ್ ಮುಗಿಯುವಷ್ಟರಲ್ಲಿ 12ರಿಂದ 18 ಲೀಟರ್. ಲೋಡು ಹೊತ್ತು ಘಾಟಿ ಹತ್ತುವಾಗ ಹೆಚ್ಚು, ಖಾಲಿ ಬರುವಾಗ ಕಡಿಮೆ. ಪ್ರತಿ ಸಲ ಡೀಸೆಲ್ ಹಾಕಿಸುವಾಗ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ಕುಡಿಯುವುದು ಒಮ್ಮೆಲೇ ಕಡಿಮೆಯಾದರೆ ಉಳಿತಾಯ ಆಯಿತು ಅಂದುಕೊಳ್ಳಬೇಡಿ, ನಾಜಲೋ ಫಿಲ್ಟರೋ ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಒಮ್ಮೆಲೇ ಹೆಚ್ಚಾದರೆ ಪೈಪಿನ ಜೋಡಣೆಗಳಲ್ಲಿ ಬಿಳಿ ಪುಡಿ ಇದೆಯೇ ನೋಡಿ, ಅಲ್ಲಿ ಸೋರುತ್ತಿರುತ್ತದೆ. ಹೊರಗೆ ಕಟ್ಟಿದ ಹರಳು ಉಗುರುಬೆಚ್ಚಗಿನ ಶುದ್ಧ ನೀರಿಗೆ ಕರಗುತ್ತದೆ, ಸ್ಕ್ರೂಡ್ರೈವರಿನಿಂದ ಕೆರೆಯುವುದು ಬೇಡ.

ನೀಲಿ ಮುಚ್ಚಳ ಯೂರಿಯಾ ಟ್ಯಾಂಕಿನದು. ಇದನ್ನು ಕ್ಲೀನರ್ ಹುಡುಗನಿಗೂ ತೋರಿಸಿಡಿ. ಯೂರಿಯಾ ಡೀಸೆಲ್ ಟ್ಯಾಂಕಿಗೆ ಹೋದರೂ, ಡೀಸೆಲ್ ಯೂರಿಯಾ ಟ್ಯಾಂಕಿಗೆ ಹೋದರೂ ಬೀಗ ಆನ್ ಮಾಡಲೇಬಾರದು. ಆನ್ ಮಾಡುವ ಮೊದಲು ಗೊತ್ತಾದರೆ ಟ್ಯಾಂಕ್ ಇಳಿಸಿ ತೊಳೆಯುವುದರಲ್ಲಿ ಮುಗಿಯುತ್ತದೆ. ಆನ್ ಆದರೆ ಪಂಪು ಅದನ್ನು ಒಳಗೆಲ್ಲ ಎಳೆಯುತ್ತದೆ, ಖರ್ಚು ಲಕ್ಷ ದಾಟಬಹುದು.

ಶಿರಾಡಿ ಇಳಿಜಾರು

ಬ್ರೇಕಿನ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಎರಡು ಬೇರೆ ವಿಷಯಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ.

ಒಂದು, ತುರ್ತಿನಲ್ಲಿ ಹೊಡೆಯುವ ಬ್ರೇಕ್. ಹಳೇ ಗಾಡಿಯಲ್ಲಿ ಚಕ್ರ ಕಚ್ಚಿಕೊಂಡು ಜಾರಬಾರದೆಂದು ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡುತ್ತಿದ್ದರು. ಎಬಿಎಸ್ ಗಾಡಿಯಲ್ಲಿ ಆ ಕೆಲಸವನ್ನು ವಾಲ್ವ್ ತಾನೇ ಮಾಡುತ್ತದೆ, ಕಾಲಿಗಿಂತ ಎಷ್ಟೋ ಪಟ್ಟು ಬೇಗ. ಕಾಲು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಗಾಡಿ ನಿಲ್ಲುವ ತನಕ ಬಿಡಬಾರದು, ಸ್ಟೇರಿಂಗ್ ಬೇಕಾದ ಕಡೆ ತಿರುಗಿಸಬೇಕು. ಪಂಪ್ ಮಾಡಿದರೆ ನಿಲ್ಲುವ ದೂರ ಹೆಚ್ಚುತ್ತದೆ, ಟ್ಯಾಂಕಿನ ಗಾಳಿಯೂ ಖಾಲಿಯಾಗುತ್ತದೆ. ವಾಲ್ವಿನಿಂದ ಬುಸ್ ಬುಸ್ ಸದ್ದು ಬಂದರೆ ಹೆದರಿ ಕಾಲು ತೆಗೆಯಬಾರದೆಂದು ಮೊದಲೇ ಹೇಳಿಡಿ. ಖಾಲಿ ಗಾಡಿಯಲ್ಲಿ ದೊಡ್ಡ ಬಯಲಿನಲ್ಲಿ 30 ಕಿ.ಮೀ. ವೇಗದಲ್ಲಿ ನಾಲ್ಕೈದು ಸಲ ಮಾಡಿಸಿ, ಹಳೇ ರೂಢಿ ಮಾತಿನಿಂದ ಹೋಗುವುದಿಲ್ಲ.

ಇನ್ನೊಂದು, ಉದ್ದ ಇಳಿಜಾರಿನಲ್ಲಿ ವೇಗ ಹಿಡಿತದಲ್ಲಿಡುವ ಬ್ರೇಕ್. ಅದರ ರೀತಿ ಬದಲಾಗಿಲ್ಲ. ಅರಬೈಲಿನ ನೆತ್ತಿಯಲ್ಲೇ ತಗ್ಗಿನ ಗೇರಿಗೆ ಬಂದು, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು) ಹಾಕಿ, ವೇಗ 30 ದಾಟಿದಾಗ ಬಲವಾಗಿ ಒಮ್ಮೆ ತುಳಿದು 20ಕ್ಕೆ ತಂದು ಪೂರ್ತಿ ಬಿಡುವುದು. ಹಗುರಾಗಿ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು ಕಾದು ಲೈನರ್ ಹಿಡಿತ ಬಿಡುತ್ತದೆ. ಎಬಿಎಸ್ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆಯೇ ಹೊರತು ಕಾದ ಡ್ರಮ್ಮನ್ನು ತಣ್ಣಗಾಗಿಸುವುದಿಲ್ಲ. ಮಳೆಗಾಲದಲ್ಲಿ ಖಾಲಿ ಗಾಡಿ ಇಳಿಸುವಾಗ ಎಕ್ಸಾಸ್ಟ್ ಬ್ರೇಕಿಗೇ ಹಿಂದಿನ ಚಕ್ರ ಜಾರಬಹುದು. ಆಗ ಎಬಿಎಸ್ ತಾನಾಗಿಯೇ ಎಕ್ಸಾಸ್ಟ್ ಬ್ರೇಕನ್ನು ಬಿಡಿಸುತ್ತದೆ, ಗಾಡಿ ಒಂದು ಕ್ಷಣ ಮುಂದಕ್ಕೆ ನುಗ್ಗಿದಂತೆ ಅನಿಸುತ್ತದೆ. ಅದನ್ನು ಬ್ರೇಕ್ ಫೇಲ್ ಅಂದುಕೊಳ್ಳಬಾರದು.

ನ್ಯೂಟ್ರಲ್ ಮಾಡಿ ಇಳಿಸುವುದು ಹಳೇ ಗಾಡಿಯಲ್ಲೂ ಪ್ರಾಣಕ್ಕೆ ಎರವೇ, ಹೊಸದರಲ್ಲಿ ಡೀಸೆಲ್ ಲೆಕ್ಕದಲ್ಲೂ ನಷ್ಟ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಾಜಲಿಗೆ ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲಿಂಗಿಗೆ ಡೀಸೆಲ್ ಕೊಡಲೇಬೇಕು. ಎಕ್ಸಾಸ್ಟ್ ಬ್ರೇಕಿನ ಹಿಡಿತವೂ ಇಲ್ಲ. ಕಂಪನಿಯ ಆ್ಯಪಿನಲ್ಲಿ (ಟಾಟಾದ ಫ್ಲೀಟ್ ಎಡ್ಜ್, ಲೇಲ್ಯಾಂಡಿನ ಐ-ಅಲರ್ಟ್) ಗಾಡಿ ಓಡಿದ ರೀತಿ ನೀವೇ ನೋಡಬಹುದು. ಆದರೆ ಅದನ್ನು ಡ್ರೈವರನ್ನು ಬೈಯಲು ಬಳಸಬೇಡಿ, ಜೊತೆಗೆ ಕೂತು ತೋರಿಸಿ.

ಮೋಡ್ ಸ್ವಿಚ್ಚಿನಲ್ಲಿ ಟಾಟಾದಲ್ಲಿ ಲೈಟ್, ಮೀಡಿಯಂ, ಹೆವಿ, ಮಹೀಂದ್ರ ಬ್ಲೇಜೋದಲ್ಲಿ ಲೈಟ್, ಹೆವಿ, ಟರ್ಬೋ. ಲೋಡಿನಲ್ಲಿ ಘಾಟಿಯ ಬುಡದಲ್ಲೇ ಹೆವಿಗೆ ಹಾಕಿ, ಖಾಲಿ ಗಾಡಿಗೆ ಲೈಟ್ ಸಾಕು. ಕ್ರೂಸ್ ಕಂಟ್ರೋಲ್ ಒಣಗಿದ, ಸಪಾಟಾದ ಹೆದ್ದಾರಿಗೆ ಮಾತ್ರ. ಮಳೆಯಲ್ಲಿ, ಘಾಟಿಯಲ್ಲಿ ಮುಟ್ಟಬೇಡಿ.

ಮೆಕ್ಕೆಜೋಳದ ಲೋಡು, ಹಾವೇರಿ

ಇಬ್ಬರಿಗೂ ಬಹಳ ಉಪಕಾರ ಆಯ್ತು ಅಣ್ಣಾರೇ. ಇನ್ನೊಂದು ಸಂಶಯ. ವಾಪಸ್ ಬರುವಾಗ ನಮ್ಮ ಗಾಡಿಯಲ್ಲಿ ಯೂರಿಯಾ ಗೊಬ್ಬರವೇ ಇರುತ್ತದೆ. ಅದನ್ನೇ ಬೋರ್‌ವೆಲ್ ನೀರಿನಲ್ಲಿ ಕದಡಿ ಟ್ಯಾಂಕಿಗೆ ಹಾಕಬಹುದು ಎಂದು ಡ್ರೈವರುಗಳ ನಡುವೆ ಮಾತಿದೆ. ಡಿಪಿಎಫ್ ಬಗ್ಗೆಯೂ ಯಾರಾದರೂ ಹೇಳಿರಿ.

ಪಂಪು ನಾಜಲ್

ದಯವಿಟ್ಟು ಬೇಡ. ಗಾಡಿಗೆ ಬೇಕಾದದ್ದು 32.5% ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಡಬ್ಬದ ಮೇಲೆ ಐಎಸ್‌ಒ 22241 ಎಂದಿರಬೇಕು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ಬೈಯುರೆಟ್ ಎಂಬ ಅಂಶವೂ ಹೆಚ್ಚು. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಎಸ್‌ಸಿಆರ್ ಕ್ಯಾಟಲಿಸ್ಟಿನ (ಯೂರಿಯಾ ಬಳಸಿ ಹೊಗೆ ಶುದ್ಧ ಮಾಡುವ ಭಾಗ) ಮೇಲೆ ಕೂತರೆ ಅದನ್ನು ತೊಳೆದು ತೆಗೆಯಲು ಆಗುವುದಿಲ್ಲ, ಇಡೀ ಕ್ಯಾಟಲಿಸ್ಟ್ ಬದಲಿಸಬೇಕು. ಮೇಲಾಗಿ ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧ. ರೈತನ ಪಾಲಿನ ಚೀಲ ಅದು.

20 ಲೀಟರಿನ ಸೀಲ್ ಇರುವ ಡಬ್ಬ ಒಂದನ್ನು ನೆರಳಿನಲ್ಲಿಡಿ. 30 ಡಿಗ್ರಿ ಒಳಗಿದ್ದರೆ ಸುಮಾರು ಒಂದು ವರ್ಷ ಬಾಳುತ್ತದೆ, 35 ಡಿಗ್ರಿ ಸೆಕೆಯಲ್ಲಿ ಆರು ತಿಂಗಳು. ತಾಮ್ರ, ಹಿತ್ತಾಳೆ, ಸತುವಿನ ತಗಡಿನ ಪಾತ್ರೆ ಅಥವಾ ಆಲಿಕೆ ಬಳಸಬೇಡಿ, ಪ್ಲಾಸ್ಟಿಕ್ ಆಲಿಕೆಯನ್ನು ಇದಕ್ಕೇ ಬೇರೆ ಇಟ್ಟುಕೊಳ್ಳಿ. ಡೀಸೆಲ್ ಹಾಕಿದ ಆಲಿಕೆ ಒರೆಸಿದರೂ ಆಗುವುದಿಲ್ಲ.

ಮಸಿ ಮತ್ತು ಬೂದಿ

ಡಿಪಿಎಫ್ ಎಂದರೆ ಹೊಗೆಯ ಮಸಿ ಹಿಡಿಯುವ ಜರಡಿ. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಅದೇ ರೀಜನರೇಶನ್. ಲೋಡಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬಹುಪಾಲು ತಾನಾಗಿ ಸುಟ್ಟುಹೋಗುತ್ತದೆ. ತೊಂದರೆ ಬರುವುದು ಐಡಲಿಂಗಿನಲ್ಲಿ. ಎಪಿಎಂಸಿ ಯಾರ್ಡಿನಲ್ಲೋ ಗೋದಾಮಿನ ಮುಂದೆಯೋ ಪಾಳಿ ಕಾಯುತ್ತ ಎಂಜಿನ್ ಓಡಿಸಿಟ್ಟರೆ ಸೈಲೆನ್ಸರ್ ಕಾಯುವುದಿಲ್ಲ, ಮಸಿ ಮಾತ್ರ ತುಂಬುತ್ತದೆ. ಲೋಡಿನಲ್ಲಿ ಬಂದ ಮೇಲೆ ಟರ್ಬೋ ತಣಿಯಲು 2-3 ನಿಮಿಷ ಐಡಲಿಂಗ್ ಸಾಕು, ಅದಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಎಂಜಿನ್ ಆಫ್ ಮಾಡಿ.

ಡಿಪಿಎಫ್ ಹಳದಿ ದೀಪ ಸುಮ್ಮನೆ ಹತ್ತಿದ್ದರೆ ಗಾಬರಿ ಬೇಡ. ಹೆದ್ದಾರಿ ಮುಂದಿದ್ದರೆ ಒಂದು ಗೇರ್ ತಗ್ಗಿಸಿ, ಆರ್‌ಪಿಎಂ ಸ್ವಲ್ಪ ಮೇಲಿಟ್ಟು 20-30 ನಿಮಿಷ ನಿಲ್ಲಿಸದೆ ಓಡಿಸಿ. ಮಿನುಗಲು ಶುರುವಾದರೆ ನಿಲ್ಲಿಸಿ ಸುಡಬೇಕು. ಎಂಜಿನ್ ಬಿಸಿ ಇರಬೇಕು, ಗೇರು ನ್ಯೂಟ್ರಲಿನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಪೆಡಲಿನಿಂದ ಕಾಲು ತೆಗೆದು ಬಟನ್ ಒತ್ತಿ ಹಿಡಿಯಬೇಕು. ಆರ್‌ಪಿಎಂ ತಾನಾಗಿ ಏರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ, ಎಲ್ಲಾ ಸೇರಿ 20ರಿಂದ 45 ನಿಮಿಷ. ನಡುವೆ ಕ್ಲಚ್ಚೋ ಬ್ರೇಕೋ ಮುಟ್ಟಿದರೆ ನಿಂತುಹೋಗುತ್ತದೆ, ಮತ್ತೆ ಮೊದಲಿಂದ.

ಜಾಗದ ಬಗ್ಗೆ ಬಹಳ ಎಚ್ಚರ. ಒಳಗಿನ ಬಿಸಿ 550-600 ಡಿಗ್ರಿ ಮುಟ್ಟುತ್ತದೆ. ಒಣ ಹುಲ್ಲು, ಕಬ್ಬಿನ ರವದಿ, ರಸ್ತೆ ಮೇಲೆ ಒಣಗಲು ಹಾಕಿದ ಮೆಕ್ಕೆಜೋಳದ ತೆನೆ ಇವುಗಳ ಮೇಲೆ ನಿಲ್ಲಿಸಿದರೆ ಬೆಂಕಿ ಹೊತ್ತಬಹುದು. ಡೀಸೆಲ್ ಬಂಕಿನಲ್ಲಿ, ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ತಾನಾಗಿ ಶುರುವಾಗದಂತೆ ತಡೆಯುವ ಸ್ವಿಚ್ ಇದ್ದರೆ ಒತ್ತಿ, ಹೊರಗೆ ಬಂದ ಕೂಡಲೇ ಮರೆಯದೆ ಬಿಡಿಸಿ. ಮರೆತರೆ ಜರಡಿ ತುಂಬಿ ಪಿಕಪ್ ಬೀಳುತ್ತದೆ. ಕೆಂಪು ದೀಪ ಹತ್ತಿದ ಮೇಲೆ ಬಟನ್ನಿಗೆ ಕೆಲಸವಿಲ್ಲ, ವರ್ಕ್‌ಶಾಪಿನವರು ಲ್ಯಾಪ್‌ಟಾಪ್ ಹಾಕಿಯೇ ಸುಡಬೇಕು. ಬೇರೆ ದೀಪಗಳಿಗೂ ಇದೇ ಲೆಕ್ಕ: ಹಳದಿಯಾದರೆ ನಿಧಾನವಾಗಿ ಹೋಗಿ ತೋರಿಸಬಹುದು, ಕೆಂಪಾದರೆ ಅಲ್ಲೇ ಬದಿಗೆ ನಿಲ್ಲಬೇಕು.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಎಂಜಿನ್ ಆಯಿಲಿನಿಂದ. ಆದ್ದರಿಂದ 1613ಗೆ ಹಾಕಿ ಉಳಿದ ಡ್ರಮ್ಮಿನ ಆಯಿಲನ್ನು ಟಾಪ್‌ಅಪ್‌ಗೂ ಹಾಕಬೇಡಿ. ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಸಿಕೆ-4 ದರ್ಜೆಯದ್ದೇ ಬೇಕು. ಡಿಪಿಎಫ್ ಕೊರೆದು ಖಾಲಿ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅಕ್ರಮ, ವಾರಂಟಿಯೂ ಹೋಗುತ್ತದೆ.

24 ವೋಲ್ಟ್

ಎಲ್ಲಾ ಸರಿ ಹೇಳಿದ್ದಾರೆ, ಊರಿನ ಮೆಕ್ಯಾನಿಕ್ ಕೈಗೆ ಸಿಕ್ಕಾಗ ಆಗುವ ಎಡವಟ್ಟುಗಳನ್ನು ಸೇರಿಸುತ್ತೇನೆ.

ಏರ್ ಲಾಕ್ ಆದರೆ (ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ) ಹಳೇ ಗಾಡಿಯಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದರು. ಹೊಸ ಗಾಡಿಯ ಕಾಮನ್ ರೈಲಿನಲ್ಲಿ (ಎಲ್ಲಾ ನಾಜಲಿಗೂ ಡೀಸೆಲ್ ಹಂಚುವ ಕೊಳವೆ) ಒತ್ತಡ 1600 ಬಾರ್ ದಾಟುತ್ತದೆ, ಆ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಬೆರಳೇ ಹೋಗಬಹುದು. ಸರಿಯಾದ ರೀತಿ: ಫಿಲ್ಟರಿನ ಮೇಲಿರುವ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ. ಹೊಸ ಫಿಲ್ಟರ್ ಹಾಕುವಾಗ ನಡುವಿನ ತೂತಿನಿಂದ ಡೀಸೆಲ್ ಸುರಿಯಬೇಡಿ, ಸೋಸದ ಕಸ ನೇರ ಪಂಪಿಗೆ ಹೋಗುತ್ತದೆ. ಡೀಸೆಲ್ ನಾಜಲ್ ಬದಲಿಸಿದರೆ ಅದರ ಮೇಲಿನ ಕೋಡನ್ನು ಇಸಿಯುಗೆ ತುಂಬಿಸಬೇಕು.

ಹಬ್ ಗ್ರೀಸ್ ಮಾಡಿಸಿ ಬಂದ ಮೇಲೆ ಎಬಿಎಸ್ ದೀಪ ಆರದಿದ್ದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಸುಟ್ಟಿದೆ ಎಂದು ಹೊಸದು ಕೊಳ್ಳಬೇಡಿ. ಬಹಳ ಸಲ ಅದು ಹಿಂದಕ್ಕೆ ಸರಿದಿರುತ್ತದೆ. ಹಲ್ಲಿನ ರಿಂಗಿಗೆ ತಾಗುವ ತನಕ ಕೈಯಲ್ಲೇ ಒತ್ತಿ, ಸುತ್ತಿಗೆ ಬೇಡ. ಚಕ್ರ ತಿರುಗಿದಾಗ ರಿಂಗೇ ಅದನ್ನು ಬೇಕಾದಷ್ಟು ಹಿಂದೆ ತಳ್ಳುತ್ತದೆ. ಜಾಕ್ ಹಾಕಿ ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಿಂದ ತಿರುಗಿಸಿದಾಗ ಮೀಟರಿನಲ್ಲಿ ಕನಿಷ್ಠ 0.2 ವೋಲ್ಟ್ ಎಸಿ ಬರಬೇಕು. ಬರುತ್ತಿದ್ದರೆ ಸೆನ್ಸರ್ ಬದುಕಿದೆ, ವೈರಿಂಗಿನ ಸಾಕೆಟ್ ನೋಡಿ.

ಬಣ್ಣದ ಎಲ್‌ಇಡಿ, ಹೆಚ್ಚುವರಿ ಹಾರ್ನ್ ಹಾಕಿಸುವಾಗ ಸಿಕ್ಕ ವೈರಿನ ತೊಗಟೆ ಕೆರೆದು ಜೋಡಿಸಲು ಬಿಡಬೇಡಿ. ಒಂದಕ್ಕೊಂದು ಹೆಣೆದಿರುವ ಎರಡು ತೆಳು ವೈರುಗಳಲ್ಲಿ ಇಸಿಯುಗಳು ಮಾತಾಡಿಕೊಳ್ಳುತ್ತವೆ, ಅದಕ್ಕೆ ಕೈ ಹಾಕಿದರೆ ಎಲ್ಲಾ ದೀಪ ಒಟ್ಟಿಗೆ ಹತ್ತುತ್ತವೆ. ಬಾಡಿಯವರಿಗೆಂದೇ ಕಂಪನಿ ಬಿಟ್ಟಿರುವ ಸಾಕೆಟ್ಟಿನಿಂದ, ಬೇರೆ ಫ್ಯೂಸ್ ಹಾಕಿ ಕರೆಂಟ್ ತೆಗೆಯಿರಿ. ಚಾಸಿಗೋ ಬಾಡಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ತುದಿ, ಇಸಿಯು ಸಾಕೆಟ್ಟುಗಳನ್ನು ಬಿಚ್ಚಿಸಿ, ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ. ಬ್ಯಾಟರಿ ಬಿಚ್ಚುವ ಮುಂಚೆಯೂ ಆ 2 ನಿಮಿಷ ಕಾಯಬೇಕು.

ಮೆಕ್ಕೆಜೋಳದ ಲೋಡು, ಹಾವೇರಿ

ಸೋಮವಾರ ಬಾಡಿ ಕಟ್ಟುವವರ ಹತ್ತಿರ ಗಾಡಿ ಹೋಗಬೇಕು, ವೆಲ್ಡಿಂಗಿನ ಮಾತು ಸರಿಯಾದ ಹೊತ್ತಿಗೆ ಬಂತು. ಗಾಡಿಯಲ್ಲಿ ಸ್ಪೇರ್ ಏನೇನು ಇಟ್ಟಿರಬೇಕು?

24 ವೋಲ್ಟ್

ನೀರು ಬೇರ್ಪಡಿಸುವ ಡೀಸೆಲ್ ಫಿಲ್ಟರ್ ಒಂದು, ಫ್ಯೂಸು ಮತ್ತು 24 ವೋಲ್ಟಿನ ರಿಲೇ ಎರಡೆರಡು, ಯೂರಿಯಾ 20 ಲೀಟರ್, ಅದರ ಆಲಿಕೆ, ಶುದ್ಧ ನೀರಿನ ಬಾಟಲಿ, ಸಣ್ಣ ಮಲ್ಟಿಮೀಟರ್. ಫಿಲ್ಟರಿನ ಕೆಳಗಿನ ನೀರಿನ ತಿರುಪನ್ನು ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಬಿಚ್ಚಿ, ಬರೀ ಡೀಸೆಲ್ ಬರುವ ತನಕ ಒಂದು ಲೋಟಕ್ಕೆ ಹಿಡಿಯಲಿ. ಮಳೆಗಾಲದಲ್ಲಿ ದಿನಾ.