ಅಪ್‌ಡೇಟ್: ರಾತ್ರಿ ಸುಮ್ನೆ ಕೂಗುತ್ತಿದ್ದ ಫೈರ್ ಅಲಾರಂ ಸರಿಯಾಯಿತು

ಹೊಗೆಯೇ ಇಲ್ಲದೆ ನಮ್ಮ ಅಪಾರ್ಟ್‌ಮೆಂಟಿನ ಫೈರ್ ಅಲಾರಂ ನಡುರಾತ್ರಿ ಕೂಗುತ್ತೆ, ಏನು ಮಾಡೋದು ಅಂತ ಕೇಳಿದ್ದೆನಲ್ಲ, ಅದು ಈಗ ನಿಂತಿದೆ.

ಕೆಲಸಕ್ಕೆ ಬಂದಿದ್ದು "ರೀಸೆಟ್ ಒತ್ತುವ ಮೊದಲು ಯಾವ ಸೆನ್ಸರಿನ ಕೆಂಪು ದೀಪ ಉರಿಯುತ್ತಿದೆ ನೋಡಿ" ಎಂಬ ಸಲಹೆ. ನಮ್ಮದು ಹಳೆಯ ಪ್ಯಾನೆಲ್ (ಎಲ್ಲ ಸೆನ್ಸರ್‌ಗಳೂ ಸೇರುವ ಕಂಟ್ರೋಲ್ ಪೆಟ್ಟಿಗೆ), ಝೋನ್ ಮಾತ್ರ, ಅಂದರೆ ಕಟ್ಟಡದ ಯಾವ ಭಾಗ ಎಂಬುದನ್ನಷ್ಟೇ ತೋರಿಸುತ್ತದೆ, ಯಾವ ಸೆನ್ಸರ್ ಅಂತ ಹೇಳುವುದಿಲ್ಲ. ಸೆಕ್ಯುರಿಟಿಯವರು ಪಾಪ ಸದ್ದು ತಡೆಯಲಾರದೆ ಓಡಿ ಬಂದು ರೀಸೆಟ್ ಮಾಡುತ್ತಿದ್ದರು, ದೀಪವೂ ಆರುತ್ತಿತ್ತು, ಹಾಗಾಗಿ ಕಾರಣ ಯಾರಿಗೂ ಸಿಗುತ್ತಿರಲಿಲ್ಲ. ಈ ಸಲ ಸದ್ದು ಮಾತ್ರ ನಿಲ್ಲಿಸಿ ಮೇಲೆ ಹೋಗಿ ನೋಡಿದರೆ ಲಿಫ್ಟ್ ಪಕ್ಕದ ಸೆನ್ಸರ್ ಉರಿಯುತ್ತಿತ್ತು. ಟೆಕ್ನೀಷಿಯನ್ ಅದನ್ನು ಬಿಚ್ಚಿದಾಗ ಒಳಗೆ ಧೂಳು, ಜೇಡರ ಬಲೆ, ಸತ್ತ ಹುಳ! ಈ ಸೆನ್ಸರ್ ಹೊಗೆಯನ್ನು ಗುರುತಿಸುವುದು ಒಳಗಿನ ಬೆಳಕು ಚದುರುವುದರಿಂದ; ಆ ಬೆಳಕು ಯಾವುದಕ್ಕೆ ತಾಗಿ ಚದುರಿದರೂ ಸೆನ್ಸರ್‌ಗೆ ಅದು ಹೊಗೆಯೇ ಅಲ್ವಾ. ಬ್ಲೋಯರ್‌ನಲ್ಲಿ ಊದಿ, ಹೊಗೆ ಸ್ಪ್ರೇ ಹೊಡೆದು ಪರೀಕ್ಷಿಸಿ, ಮತ್ತೆ ಕೂರಿಸಿದರು.

ಬ್ಯಾಟರಿ ಬದಲಿಸಿ ಎಂದವರಿಗೆ: ಈ ಸೆನ್ಸರ್‌ಗಳಲ್ಲಿ ಬ್ಯಾಟರಿಯೇ ಇಲ್ಲ, ಪ್ಯಾನೆಲ್‌ನಿಂದಲೇ 24 ವೋಲ್ಟ್ ಬರುತ್ತದೆ. ಎಲ್ಲವನ್ನೂ ಹೊಸದು ಹಾಕಿಸಿ ಎಂಬ ಸಲಹೆಯೂ ಬೇಕಾಗಲಿಲ್ಲ.

ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ಬೇಸ್‌ಮೆಂಟಿನ ಕೆಲವು ಸೆನ್ಸರ್‌ಗಳ ಮೇಲೆ ಪೇಂಟಿಂಗ್ ಸಮಯದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು! ಬೆಂಕಿ ಬಿದ್ದಿದ್ದರೂ ಅವು ಸುಮ್ಮನೇ ಇರುತ್ತಿದ್ದವು. ನಿಮ್ಮಲ್ಲೂ ಒಮ್ಮೆ ತಲೆ ಎತ್ತಿ ನೋಡಿ.