ಹದಿನೇಳರ ಹುಡುಗನನ್ನು ಒಬ್ಬನೇ ಜರ್ಮನಿಗೆ ಕಳುಹಿಸಬಹುದೇ?

ಸಾಗರದ ತಾಯಿ:
ನನ್ನ ಮಗ ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಎಂಜಿನಿಯರಿಂಗನ್ನು ಜರ್ಮನಿಯಲ್ಲೇ ಓದುತ್ತೇನೆಂದು ಹಟ ಹಿಡಿದಿದ್ದಾನೆ. ನಮ್ಮ ಪಿಯುಸಿ ಅಂಕಪಟ್ಟಿಗೆ ಅಲ್ಲಿ ಸಾಮಾನ್ಯವಾಗಿ ನೇರ ಪ್ರವೇಶ ಸಿಗದ ಕಾರಣ, ಮೊದಲು ಸ್ಟುಡಿಯನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸನ್ನು ಮುಗಿಸಬೇಕು. ಅವನ ಸೋದರಮಾವ, "ಒಬ್ಬನೇ ಇದ್ದರೆ ತಾನಾಗಿ ಬೆಳೆಯುತ್ತಾನೆ, ಕಳುಹಿಸು" ಎನ್ನುತ್ತಾರೆ. ಇದುವರೆಗೆ ಉಂಡ ತಟ್ಟೆಯನ್ನೂ ತೊಳೆಯದವನು ಅಲ್ಲಿ ಹೇಗೆ ಬೆಳೆದಾನು ಎಂಬುದೇ ನನ್ನ ಪ್ರಶ್ನೆ.

ಡಾರ್ಮ್‌ಷ್ಟಾಟ್ ವಾಸಿ:
ಅಮ್ಮಾ, ನಾನು ಹದಿನೆಂಟಕ್ಕೆ ಕಾಲಿಟ್ಟ ತಿಂಗಳಲ್ಲೇ ಇದೇ ಕೋರ್ಸಿಗೆಂದು ಜರ್ಮನಿಯ ಈ ಊರಿಗೆ ಬಂದವನು. ತಟ್ಟೆ ತೊಳೆಯುವುದು ಒಂದು ವಾರದಲ್ಲಿ ಬರುತ್ತದೆ. ಹಂಚಿಕೊಂಡ ಅಡುಗೆಮನೆಯಲ್ಲಿ ತೊಳೆಯದೆ ಬಿಟ್ಟರೆ ಉಳಿದವರು ಸುಮ್ಮನಿರುವುದಿಲ್ಲ. ನನಗೆ ಕಷ್ಟವಾದದ್ದು ಅಂಚೆ ಪೆಟ್ಟಿಗೆ. ಇಲ್ಲಿ ವಿಮೆ, ಬ್ಯಾಂಕು, ಪಾಲಿಕೆ ಎಲ್ಲವೂ ಇಂದಿಗೂ ಕಾಗದದಲ್ಲಿ ಪತ್ರ ಬರೆಯುತ್ತವೆ. ಅರ್ಥವಾಗದ ಜರ್ಮನ್ ಭಾಷೆಯ ಒಂದು ಲಕೋಟೆಯನ್ನು ಅಕ್ಕಿ ಡಬ್ಬದ ಕೆಳಗೆ ಸಿಕ್ಕಿಸಿ ಮೂರು ವಾರ ಕಣ್ಣು ತಪ್ಪಿಸಿ ಓಡಾಡಿದೆ. ನಂತರ ದಂಡ ಸೇರಿಸಿದ ಎರಡನೆಯ ಪತ್ರ ಬಂತು. ಅಂದು ರಾತ್ರಿ ನಿಘಂಟು ಹಿಡಿದು ಎರಡನ್ನೂ ಓದಿ ಮುಗಿಸಿದಾಗ ಹನ್ನೆರಡು ದಾಟಿತ್ತು. ನಾನು ಬೆಳೆದದ್ದು ವಿಮಾನ ಹತ್ತಿದ ದಿನವಲ್ಲ, ಆ ರಾತ್ರಿ ಎಂದು ಈಗಲೂ ನಂಬಿದ್ದೇನೆ.

ನಿವೃತ್ತ ಉಪನ್ಯಾಸಕ, ಧಾರವಾಡ:
ನೀವು ಬೆಳೆದಿರಿ, ಸಂತೋಷ. ಆದರೆ ಬೆಳೆಯುವುದಕ್ಕೆ ಜರ್ಮನಿಯೇ ಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ವಾರಾನ್ನ ಉಂಡು ಓದಿದ ಪೀಳಿಗೆಯನ್ನು ನಾನು ಕಂಡಿದ್ದೇನೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಇಂದಿಗೂ ಮನೆ ಬಿಟ್ಟು ಬಂದು ಓದುತ್ತಿದ್ದಾರೆ. ಇನ್ನು ಹಣದ ಮಾತು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಖಾತೆಯಲ್ಲಿ, ಮೊದಲೇ ಇಡಬೇಕಾದ ವರ್ಷದ ಖರ್ಚನ್ನು ಮಾತ್ರ ಮೆಲ್ಲನೆ ಹೇಳುತ್ತಾರೆ. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಅಡಿಕೆ ತೋಟ ಅಡವಿಟ್ಟು ಕಳುಹಿಸಿದ ಹುಡುಗ "ನನ್ನಿಂದ ಆಗುತ್ತಿಲ್ಲ, ವಾಪಸು ಬರುತ್ತೇನೆ" ಎಂದು ಯಾವ ಬಾಯಲ್ಲಿ ಹೇಳಿಯಾನು?

ನವೋದಯದ ಹಳೆ ವಿದ್ಯಾರ್ಥಿನಿ:
ಸರ್, ಮನೆಯಿಂದ ದೂರ ಇರುವುದೂ ಒಬ್ಬಂಟಿಯಾಗಿರುವುದೂ ಒಂದೇ ಅಲ್ಲ. ಜವಾಹರ್ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೇ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳುಹಿಸುವ ಪದ್ಧತಿಯಿದೆ. ಹಾಗೆ ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಹಿಂದಿ ನಾಡಿಗೆ ಹೋಗಿ, ಮೂರು ಹೊತ್ತೂ ರೊಟ್ಟಿ ತಿಂದು, ಅನ್ನ ಕಂಡ ದಿನ ಹಬ್ಬ ಮಾಡಿದವಳು. ಆದರೆ ಅತ್ತಾಗ ಪಕ್ಕದ ಮಂಚದಲ್ಲಿ ಕನ್ನಡದಲ್ಲೇ ಅಳುವ ಇನ್ನೊಬ್ಬಳಿದ್ದಳು, ಜ್ವರ ಬಂದರೆ ಕೇಳುವ ವಾರ್ಡನ್ ಇದ್ದರು. ತಾವು ಹೇಳಿದ ಮಠಕ್ಕೂ ವಾರಾನ್ನಕ್ಕೂ ಇದೇ ಮಾತು ಅನ್ವಯಿಸುತ್ತದೆ: ಊಟಕ್ಕೆ ಬಾರದಿದ್ದರೆ ಯಾರಾದರೂ ವಿಚಾರಿಸುತ್ತಿದ್ದರು. ಡಾರ್ಮ್‌ಷ್ಟಾಟಿನವರನ್ನು ಆ ಮೂರು ವಾರಗಳಲ್ಲಿ ಯಾರು ವಿಚಾರಿಸಿದರು?

ಡಾರ್ಮ್‌ಷ್ಟಾಟ್ ವಾಸಿ:
ಯಾರೂ ಇಲ್ಲ. ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಮೊದಲು ಬಿಟ್ಟ ಭಾಗವನ್ನೂ ಬರೆಯುತ್ತೇನೆ. ಮೊದಲ ಸೆಮಿಸ್ಟರಿನ ಭೌತಶಾಸ್ತ್ರ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದೆ. ಸೂತ್ರಗಳೆಲ್ಲ ಪಿಯುಸಿಯಲ್ಲಿ ಕಲಿತವೇ. ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯಲಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು ಕವಿಯುತ್ತದೆ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮನೆಗೆ ಫೋನು ಮಾಡಿದಾಗ "ಚೆನ್ನಾಗಿ ಆಗಿದೆ" ಎಂದು ಸುಳ್ಳು ಹೇಳಿದೆ. ಕೋರ್ಸಿನ ಕೊನೆಯ ಅರ್ಹತಾ ಪರೀಕ್ಷೆಯಲ್ಲಿ ತಪ್ಪಿದರೆ ಮತ್ತೆ ಬರೆಯಲು ಒಂದೇ ಅವಕಾಶವಿರುವುದರಿಂದ ಆ ಸುಳ್ಳನ್ನು ಬಹಳ ದಿನ ಎಳೆಯುವಂತಿರಲಿಲ್ಲ. ಫೆಬ್ರವರಿಯಲ್ಲಿ ಅಪ್ಪನಿಗೆ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದ್ದೀಯಾ?" ಎಂದರು. ಉಪನ್ಯಾಸಕರು ಹೇಳಿದ "ವಾಪಸು ಬರುತ್ತೇನೆ" ಎಂಬ ಮಾತಿಗೆ ನಮ್ಮ ಮನೆಯಲ್ಲಿ ಅವಕಾಶವಿತ್ತು ಎಂಬುದು ನನಗೆ ಅಂದೇ ಗೊತ್ತಾದದ್ದು. ಅದನ್ನು ಹೊರಡುವ ಮೊದಲೇ ಹೇಳಿದ್ದರೆ ಎರಡು ತಿಂಗಳ ನಿದ್ದೆ ಉಳಿಯುತ್ತಿತ್ತು.

ನಿವೃತ್ತ ಉಪನ್ಯಾಸಕ, ಧಾರವಾಡ:
ಈ ಪ್ರಾಮಾಣಿಕತೆಗೆ ನನ್ನ ಗೌರವ. ನವೋದಯದ ತಂಗಿಯ ತಿದ್ದುಪಡಿಯನ್ನೂ ಒಪ್ಪಿದೆ. ಸಾಲದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ನವೋದಯದ ಹಳೆ ವಿದ್ಯಾರ್ಥಿನಿ:
ಅಕ್ಕಾ, ಒಂದು ವ್ಯಾವಹಾರಿಕ ಸಂಗತಿ. ಹದಿನೆಂಟು ತುಂಬುವವರೆಗೆ ಅಲ್ಲಿ ಬಾಡಿಗೆ ಕರಾರಿಗೂ ಬ್ಯಾಂಕ್ ಖಾತೆಗೂ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಒಂದು ವರ್ಷ ತಡೆದರೆ ಆ ತೊಡಕೂ ಇಲ್ಲ, ಭಾಷೆಯೂ ಕೈಗೆ ಬರುತ್ತದೆ.

ಸಾಗರದ ತಾಯಿ:
ಎಲ್ಲರಿಗೂ ವಂದನೆಗಳು. ತೋಟ ಅಡವಿಡುವುದಿಲ್ಲ ಎಂದು ನಿನ್ನೆ ಯಜಮಾನರೂ ನಾನೂ ತೀರ್ಮಾನಿಸಿದೆವು. ಈ ವರ್ಷ ಮಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲಿ. ಹಣ ಹೊಂದಿದರೆ ಮುಂದಿನ ವರ್ಷ ಹೊರಡಲಿ, ಅಲ್ಲಿ ಆಗದಿದ್ದರೆ ವಾಪಸು ಬರಲಿ ಎಂದು ಬಾಯಿಬಿಟ್ಟೇ ಹೇಳಿದ್ದೇವೆ. ಮುಖ ಊದಿಸಿಕೊಂಡೇ ಈ ಚರ್ಚೆಯನ್ನು ಪೂರ್ತಿ ಓದಿದ. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಆ ಪತ್ರದ ದಂಡ ಎಷ್ಟಾಗಿತ್ತಂತೆ?

ಡಾರ್ಮ್‌ಷ್ಟಾಟ್ ವಾಸಿ:
ಐದು ಯೂರೋ.