ಪ್ಯಾರಾ ಕ್ರೀಡೆಗಳ ವರ್ಗೀಕರಣ: ವೈದ್ಯೆಯೊಂದಿಗೆ ಪ್ರಶ್ನೋತ್ತರ

ಓಟಗಾರ: ಮೇಡಂ, ನನ್ನ ಪ್ರಮಾಣಪತ್ರದಲ್ಲಿ ಶೇಕಡ 60ರಷ್ಟು ಅಂಗವೈಕಲ್ಯವೆಂದಿದೆ. ನಾನು ಯಾವ ವರ್ಗಕ್ಕೆ ಸೇರುತ್ತೇನೆ?

ವೈದ್ಯೆ: ಶೇಕಡಾವಾರು ಲೆಕ್ಕದಿಂದ ವರ್ಗ ನಿರ್ಧಾರವಾಗುವುದಿಲ್ಲ. ನಿಮ್ಮ ನ್ಯೂನತೆಯು ಆ ಕ್ರೀಡೆಗೆ ಬೇಕಾದ ಚಲನೆಗಳಿಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನಷ್ಟೇ ನೋಡುತ್ತೇವೆ.

ಈಜುಗಾರ್ತಿಯ ತಾಯಿ: ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿ) ಇದೆ, ಮುಂದಿನ ವಾರ ಮೊದಲ ವರ್ಗೀಕರಣವಿದೆ. ಸ್ನಾಯುಗಳ ಬಿಗಿತ ತಗ್ಗಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು ಎರಡು ದಿನ ಮೊದಲೇ ನಿಲ್ಲಿಸಿ, ತಣ್ಣೀರಿನಲ್ಲಿ ಕೂರಿಸಿದರೆ ಸ್ನಾಯುಗಳು ಬಿಗಿದುಕೊಂಡು ಕಡಿಮೆ ಸಂಖ್ಯೆಯ ವರ್ಗ, ಅಂದರೆ ಹೆಚ್ಚು ನ್ಯೂನತೆಯಿರುವವರ ವರ್ಗ, ಸಿಗುತ್ತದೆ ಎಂಬ ಸಂದೇಶ ಬಂದಿದೆ. ಹಾಗೆ ಮಾಡಬಹುದೇ?

ವೈದ್ಯೆ: ಖಂಡಿತ ಕೂಡದು. ಆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಇಂಥದ್ದನ್ನು ಹಂಚುವವರು ಹಂಚುವ ಮೊದಲು ಒಮ್ಮೆಯಾದರೂ ಯೋಚಿಸಬೇಡವೇ? ಪರೀಕ್ಷೆಯೂ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಮಗುವನ್ನು ಮಲಗಿಸಿ, ಮೊಣಕಾಲನ್ನು ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಚಾಚಿ, ಸ್ನಾಯು ಯಾವ ಕೋನದಲ್ಲಿ ತಡೆಯುತ್ತದೆ ಎಂಬುದನ್ನು ಕೈಯಿಂದಲೇ ಅಳೆಯುತ್ತೇವೆ. ಬಳಿಕ ನೀರಿನಲ್ಲಿ ಅವಳ ಜಿಗಿತ, ಈಜು, ತಿರುವುಗಳನ್ನು ಗಮನಿಸಿ, ಮೊದಲ ಸ್ಪರ್ಧೆಯಲ್ಲಿಯೂ ಕಣ್ಣಿಡುತ್ತೇವೆ. ಈ ಮೂರೂ ತಾಳೆಯಾಗದಿದ್ದರೆ ಪ್ರಶ್ನೆ ಏಳುತ್ತದೆ. ಬೇಕೆಂದೇ ನಟಿಸಿದ್ದು ಸಾಬೀತಾದರೆ ಕ್ರೀಡಾಪಟುವಿಗೆ ಮಾತ್ರವಲ್ಲ, ನೆರವಾದವರಿಗೂ ನಿಷೇಧ ಬೀಳುತ್ತದೆ.

ಇನ್ನೊಬ್ಬ ಸದಸ್ಯೆ: ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದ್ದು, ಶಕ್ತಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಪರೀಕ್ಷೆಯ ದಿನ ಚೆನ್ನಾಗಿದ್ದರೆ ನನಗೆ ಅನ್ಯಾಯವಾಗುವುದಿಲ್ಲವೇ?

ತರಬೇತುದಾರ: ನಿಯಮ ಪಾಲಿಸಿದವರಿಗೆ ಏನು ಸಿಕ್ಕಿದೆ? 2000ರ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ನ್ಯೂನತೆಯುಳ್ಳವರ ವಿಭಾಗದ ಸ್ಪೇನಿನ ಬ್ಯಾಸ್ಕೆಟ್‌ಬಾಲ್ ತಂಡ ಸುಳ್ಳು ಹೇಳಿಯೇ ಚಿನ್ನ ಗೆದ್ದಿತಲ್ಲ!

ಗಾಲಿಕುರ್ಚಿ ಆಟಗಾರ: ಗೆದ್ದ ಚಿನ್ನವನ್ನು ಕಳೆದುಕೊಂಡಿತು ಎಂಬುದನ್ನೂ ಹೇಳಿ ಸರ್. 12 ಮಂದಿಯಲ್ಲಿ 10 ಮಂದಿಗೆ ಬೌದ್ಧಿಕ ನ್ಯೂನತೆಯೇ ಇರಲಿಲ್ಲ. ಅವರ ದೆಸೆಯಿಂದ ನಿಜವಾಗಿ ಆ ನ್ಯೂನತೆ ಇದ್ದವರು 2012ರ ಲಂಡನ್ ಕ್ರೀಡಾಕೂಟದವರೆಗೆ ಪ್ಯಾರಾಲಿಂಪಿಕ್ಸ್‌ನಿಂದ ಹೊರಗುಳಿಯಬೇಕಾಯಿತು.

ತರಬೇತುದಾರ: ನಿಮ್ಮದು ತಂಡದ ಆಟ. ಒಂಟಿಯಾಗಿ ಈಜುವವರ ಕಷ್ಟ ನಿಮಗೆಲ್ಲಿ ತಿಳಿಯಬೇಕು?

ಗಾಲಿಕುರ್ಚಿ ಆಟಗಾರ: ಅಂಕಣದಲ್ಲಿರುವ ಐವರ ವರ್ಗಾಂಕಗಳ ಮೊತ್ತ 14 ಮೀರಬಾರದೆಂಬ ನಿಯಮವಿರುವುದರಿಂದಲೇ 1.0 ಅಂಕದ, ಅಂದರೆ ಅತಿ ಹೆಚ್ಚು ನ್ಯೂನತೆಯಿರುವ, ನನಗೂ ಅಲ್ಲಿ ಜಾಗವಿದೆ. ನಿಮ್ಮ ಬುದ್ಧಿವಾದ ನಡೆದರೆ ಮೊದಲು ಬೆಂಚಿಗೆ ಹೋಗುವವನು ನಾನು.

ಹೊಸ ಸದಸ್ಯ: ನನ್ನದು ಶೇಕಡ 75. ಯಾವ ವರ್ಗ, ಮೇಡಂ?

ವೈದ್ಯೆ: ಮೊದಲ ಉತ್ತರವನ್ನು ಓದಿ.

ತರಬೇತುದಾರ: ವೈದ್ಯರಿಗೆ ನಾವೆಲ್ಲರೂ ಕಳ್ಳರಂತೆ ಕಾಣುತ್ತೇವೆ.

ವೈದ್ಯೆ: ಎಲ್ಲರೂ ಅಲ್ಲ. ಆ ಸಂದೇಶವನ್ನು ಸಮರ್ಥಿಸುವವರೊಂದಿಗೆ ನನಗೆ ಮಾತು ಬೇಡ.

ಈಜುಗಾರ್ತಿಯ ತಾಯಿ: ಮೇಡಂ, ಇಂದು ಬೆಳಗಿನ ಮಾತ್ರೆಯನ್ನು ಈಗಾಗಲೇ ತಪ್ಪಿಸಿಬಿಟ್ಟಿದ್ದೇನೆ.

ವೈದ್ಯೆ: ಅವಳಿಗೆ ಚಿಕಿತ್ಸೆ ನೀಡುವ ವೈದ್ಯರಿಗೆ ಈಗಲೇ ಫೋನ್ ಮಾಡಿ. ಅವರನ್ನು ಕೇಳದೆ ಎರಡು ಹೊತ್ತಿನ ಮಾತ್ರೆಯನ್ನು ಒಟ್ಟಿಗೆ ಕೊಡಬೇಡಿ.